ಅವ್ವ ನೀರೆರೆದ ಕಲ್ಲು

ನನ್ನ ಅಂಗಿ ಹೊಲಿಯುವ ದರ್ಜಿಗೆ ನನ್ನದೊಂದು ಗುಟ್ಟು ಗೊತ್ತಿದೆ. ಬಲಗಡೆಯ ಜೇಬಿಗೆ ಅವನು ಹೇಳಿಸಿಕೊಳ್ಳದೆಯೇ ಎರಡು ಪದರು ಬಟ್ಟೆ ಹಾಕುತ್ತಾನೆ. ಮೊನ್ನೆ ಅಳತೆ ತೆಗೆಯುತ್ತ, "ಮಾಸ್ತರ, ಪೆನ್ಶನ್ ಬರಾಕತ್ತಿ ಇಷ್ಟ ವರ್ಷ ಆತು. ಇನ್ನೂ ಕಲ್ಲ ಹೊರೂದು ಬಿಟ್ಟಿಲ್ಲೇನ್ರಿ?" ಎಂದ. ನಾನು ಘನತೆಯಿಂದ "ಬಿಟ್ಟೇನಪಾ" ಎಂದೆ. ಅವನು ನನ್ನ ಹಳೆಯ ಅಂಗಿಯ ಜೇಬನ್ನು ಒಳಗುಹೊರಗು ಮಾಡಿ ಜಾಡಿಸಿದ. ಎರಡು ಬೆಣಚು ಹರಳು, ಒಂದು ಚಪ್ಪಟೆ ಕೆಂಪು ಕಲ್ಲು, ಒಂದು ಚಿಟಿಕೆ ಮಣ್ಣು ಅವನ ಹಲಗೆಯ ಮೇಲೆ ಬಿದ್ದವು. ನಾನು ಬೇರೆ ಕಡೆ ನೋಡಿದೆ.

ಈ ಚಟ ಕಣಗಲೆಯಲ್ಲಿ ಹತ್ತಿದ್ದು. ನಮ್ಮೂರ ಗುಡ್ಡಗಳು ಕರೀ ಕಲ್ಲಿನವು. ಮುಂಗಾರಿನ ಮೊದಲ ಮಳೆ ಹೊಡೆದ ಮರುದಿನ ಹೊಲದ ಬದುವಿನಲ್ಲಿ ಬಿಳೀ ಹರಳುಗಳು ಎದ್ದು ಹೊಳೆಯುತ್ತಿದ್ದವು. ಅವನ್ನು ನಾವು ಸಕ್ಕರಿ ಕಲ್ಲು ಎನ್ನುತ್ತಿದ್ದೆವು. ಎಲ್ಲರೂ ಹೆಸರಿಗೆ ಮಾತ್ರ ಹಾಗೆನ್ನುತ್ತಿದ್ದರು, ನಾನೊಬ್ಬ ನೆಕ್ಕಿ ನೋಡುತ್ತಿದ್ದೆ. ಹುಕ್ಕೇರಿಯ ಸಾಲಿಗೆ ಹೋಗುವಾಗ ಪಾಟೀಚೀಲದಲ್ಲಿ ಪುಸ್ತಕಕ್ಕಿಂತ ಕಲ್ಲುಗಳೇ ಹೆಚ್ಚಿರುತ್ತಿದ್ದವು. ಅಕ್ಷರ ತಲೆಗೆ ಹತ್ತದಿದ್ದರೂ ಭಾರ ಹೆಗಲಿಗೆ ಹತ್ತಿತು.

ನಮ್ಮವ್ವನಿಗೂ ನನ್ನ ಕಲ್ಲುಗಳಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಕಲ್ಲೆಂದರೆ ಒಂದು ಕೆಲಸಕ್ಕೆ ಬರಬೇಕು ಎಂಬುದು ಅವಳ ಸಿದ್ಧಾಂತ. ಬೀಸಬೇಕು, ಕುಟ್ಟಬೇಕು, ಇಲ್ಲವೇ ಬಾಗಿಲಿಗೆ ಒತ್ತು ಕೊಡಬೇಕು. ನಾನು ಜತನದಿಂದ ತಂದ ಎಷ್ಟೋ ಅಪರೂಪದ ಮಾದರಿಗಳಿಗೆ ಅವಳು ಹೀಗೆ ನೌಕರಿ ಕೊಡಿಸಿದಳು. ತೂತು ತೂತಾದ ಒಂದು ಕಲ್ಲು ಅವಳ ಹಿಮ್ಮಡಿ ತಿಕ್ಕುವುದಕ್ಕೆ ಬಚ್ಚಲು ಸೇರಿತು. ಇನ್ನೊಂದು ಉಪ್ಪಿನಕಾಯಿ ಗಡಿಗೆಯ ಮೇಲೆ ಕೂತಿತು. ಕೆಲಸ ಸಿಗದವು ಹಿತ್ತಿಲಿಗೆ ಹೋದವು. "ಬ್ಯಾರೇದವರ ಮಕ್ಕಳು ಮನೀಗೆ ಕಾಳ ತರ್ತಾರ. ನನ್ನ ಮಗಾ ಕಲ್ಲ ತರ್ತಾನ" ಎಂದು ನೆರೆಯವರ ಮುಂದೆ ಹೇಳುತ್ತಿದ್ದಳು. ಅದರಲ್ಲಿ ಬೇಸರ ಅರ್ಧ, ಹೆಮ್ಮೆ ಅರ್ಧ ಇತ್ತೆಂದು ಈಗ ಅನಿಸುತ್ತದೆ.

ಮುಂದೆ ಗೋಕಾಕದಲ್ಲಿ ಮಾಸ್ತರಿಕೆ ಸಿಕ್ಕಿತು. ಅವ್ವನೂ ನಾನೂ ಅಲ್ಲಿ ಮನೆ ಮಾಡಿದೆವು. ಆಗಿನ್ನೂ ಎರಡನೆಯ ಮಹಾಯುದ್ಧ ಶುರುವಾಗಿರಲಿಲ್ಲ, ನನ್ನ ಮದುವೆಯೂ ಆಗಿರಲಿಲ್ಲ. ಆಯಿತವಾರ ಬಂದರೆ ಅವ್ವನ ಹಾರೆಕೋಲು ಕದ್ದುಕೊಂಡು ನಾನು ಜಲಪಾತದ ಮೇಲಿನ ಬಂಡೆಗಳಿಗೆ ಹೋಗುತ್ತಿದ್ದೆ. ಹೀಗೊಂದು ಆಯಿತವಾರ ಬಂಡೆಯ ಮೂಲೆಯನ್ನು ಬಡಿಯುತ್ತ ಕೂತಾಗ ಹಿಂದಿನಿಂದ ಒಂದು ದನಿ ಬಂತು.

"ಹಂಗ ಬಡೀಬಾರ್ದರಿ. ಕಲ್ಲಿಗೆ ಏನೂ ಆಗೂದಿಲ್ಲ. ಚೂರ ಹಾರಿ ನಿಮ್ಮ ಕಣ್ಣ ಹೋಗತಾವ."

ತಿರುಗಿ ನೋಡಿದರೆ ಎತ್ತರದ ಮುದುಕರೊಬ್ಬರು. ತಲೆಗೆ ರುಮಾಲು, ಕೊರಳ ತನಕ ಗುಂಡಿ ಹಾಕಿದ ಮಾಸಲು ಕೋಟು, ಕೈಯಲ್ಲಿ ಸಣ್ಣದೊಂದು ಉಕ್ಕಿನ ಸುತ್ತಿಗೆ. ಅವರು ನನ್ನ ಪಕ್ಕ ಕೂತು, ಅಂಗೈಯಿಂದ ಬಂಡೆಯನ್ನು ತಡವಿ, ಒಂದೇ ಒಂದು ಏಟು ಹಾಕಿದರು. ಮುಷ್ಟಿ ಗಾತ್ರದ ತುಂಡು ಬೆಲ್ಲದ ಹೆಂಟೆಯ ಹಾಗೆ ಕೈಗೆ ಬಂತು. ನಾನು ಒಂದು ತಾಸು ಬಡಿದಿದ್ದೆ.

ಅವರೇ ರಾಚಪ್ಪನವರು. ಮೂಡಲಗಿಯವರು. ಪ್ರಾಯದಲ್ಲಿ ಕಲ್ಲು ಪರೀಕ್ಷೆ ಮಾಡುವ ಸಾಹೇಬರೊಬ್ಬರ ಕೈಕೆಳಗೆ ಕೆಲಸಕ್ಕೆ ಸೇರಿ, ಮೂವತ್ತು ವರ್ಷ ಅವರ ಹಿಂದೆ ದೇಶವೆಲ್ಲ ಅಲೆದು ಕಲ್ಲಿನ ಮಾದರಿ ಆರಿಸಿದವರು. ಒಡೆಯುವುದು, ಕಾಗದದಲ್ಲಿ ಸುತ್ತುವುದು, ಮೂಲೆಗೆ ಬಿಳೀ ಬಣ್ಣದ ಚುಕ್ಕೆ ಇಟ್ಟು ಅದರ ಮೇಲೆ ಕರಿ ಅಂಕಿ ಬರೆಯುವುದು, ಪೆಟ್ಟಿಗೆ ತುಂಬುವುದು, ಇಷ್ಟು ಅವರ ಕೆಲಸ. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಬುತ್ತಿ ಬಿಚ್ಚಿ ರೊಟ್ಟಿಯಲ್ಲಿ ಅರ್ಧ ನನಗೆ ಕೊಟ್ಟು, ನಾವು ಕೂತ ಬಂಡೆಯ ಮೇಲೆ ನನ್ನ ಕೈ ಹಿಡಿದು ಆಡಿಸಿದರು. ಸಣ್ಣ ಸಣ್ಣ ಏರಿಳಿತ ಬೆರಳಿಗೆ ಹತ್ತಿತು.

"ಏನಿದು ಹೇಳ್ರಿ ಮಾಸ್ತರ?"

ನಾನು ಗೊತ್ತಿಲ್ಲವೆಂದೆ.

"ತೆರಿ. ನೀರಿನ ತೆರಿ. ಈ ಬಂಡಿ ಒಂದ ಕಾಲಕ್ಕ ಉಸಕ ಇತ್ತು. ಅದರ ಮ್ಯಾಲ ನೀರ ಆಡಿ ಹೋತು. ನೀರ ಹೋತು, ಗುರ್ತ ಉಳೀತು. ಅವಾಗ ಮನಶ್ಯಾರೂ ಇರಲಿಲ್ಲ, ಗಿಡಾನೂ ಇರಲಿಲ್ಲಂತ."

ಆ ಬಂಡೆಯ ಮೇಲೆ ನಾನು ವರ್ಷಗಟ್ಟಲೆ ಕೂತಿದ್ದೆ, ಚುರುಮುರಿ ತಿಂದು ಕೈ ಒರೆಸಿದ್ದೆ. ಆವತ್ತು ಅಲ್ಲಿಂದ ಏಳುವಾಗ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೆ. ಮೆಟ್ಟಲು ಮನಸ್ಸಾಗಲಿಲ್ಲ.

ಅಂದಿನಿಂದ ನಮ್ಮದೊಂದು ಜೋಡಿಯಾಯಿತು. ಕೊಣ್ಣೂರಿನ ಹೊಳೆದಂಡೆ, ಹುಕ್ಕೇರಿಯ ಗುಡ್ಡ, ಎಲ್ಲ ಸುತ್ತಿದೆವು. ಅವರು ನನಗಿಂತ ವೇಗವಾಗಿ ನಡೆಯುತ್ತಿದ್ದರು. ಕಲ್ಲನ್ನು ಎತ್ತಿ ಮೊದಲು ಅದರ ಮೇಲೆ ಉಸಿರು ಬಿಟ್ಟು ವಾಸನೆ ನೋಡುತ್ತಿದ್ದರು, ಆಮೇಲೆ ನಾಲಿಗೆಗೆ ತಾಗಿಸುತ್ತಿದ್ದರು. ಕಣಗಲೆಯ ನನ್ನ ದುರಭ್ಯಾಸ ಒಂದು ಶಾಸ್ತ್ರವೆಂದು ತಿಳಿದು ನನಗಾದ ಸಂತೋಷ ಅಷ್ಟಿಷ್ಟಲ್ಲ. ಹುಕ್ಕೇರಿಯ ಕರೀ ಕಲ್ಲು ನೆಲ ಬಿರಿದು ಉಕ್ಕಿದ ಬೆಂಕಿ ಎಂದೂ, ಪದರಿನ ಮೇಲೆ ಪದರು ಹರಿದು ಆರಿತೆಂದೂ ಅವರೇ ಹೇಳಿದ್ದು. ಅದನ್ನು ಕೇಳಿದ ದಿನ, ನಮ್ಮೂರಿನ ಗುಡ್ಡದ ಮೇಲೆ ಕುರಿ ಮೇಯುವುದನ್ನು ನೋಡಿ ನನಗೆ ಮೈ ಜುಮ್ಮೆಂದಿತು. ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರೆ. ಹತ್ತಿರ ಹೋಗಿ ಕೇಳಿದರೆ ಅದರ ಕತೆಯೇ ಬೇರೆ.

ಅವರು ನಾಲಿಗೆಯನ್ನು ಹೆಚ್ಚು ಹೆಚ್ಚು ನಂಬುತ್ತಿದ್ದುದರ ಕಾರಣ ನನಗೆ ತಡವಾಗಿ ತಿಳಿಯಿತು. ಕಣ್ಣು ಮಂಜಾಗುತ್ತಿತ್ತು.

ಒಂದು ಸಲ ಮೂಡಲಗಿಯ ಅವರ ಮನೆಗೆ ಹೋದಾಗ, ಬಾಗಿಲು ಎಳೆದು ಮುಚ್ಚಿ, ಪೆಟ್ಟಿಗೆಯ ತಳದಿಂದ ಒಂದು ಬಿಳೀ ವಸ್ತ್ರದ ಗಂಟು ತೆಗೆದರು. ಒಳಗೆ ನಿಂಬೆಕಾಯಿ ಗಾತ್ರದ ದುಂಡಗಿನ ಕಲ್ಲು. ಕಪ್ಪೂ ಅಲ್ಲ, ನೀಲಿಯೂ ಅಲ್ಲ, ಎರಡರ ನಡುವಿನ ಬಣ್ಣ. ಕರದಂಟಿನಲ್ಲಿ ಗೋಡಂಬಿ, ಕೊಬ್ಬರಿ ಸಿಕ್ಕಿಕೊಂಡಿರುವ ಹಾಗೆ ಅದರ ಮೈತುಂಬ ಬೇರೆ ಬೇರೆ ಕಲ್ಲಿನ ಚೂರುಗಳು ಸಿಕ್ಕಿಕೊಂಡಿದ್ದವು. ಅದು ವಜ್ರ ಹೊತ್ತು ಬರುವ ಕಲ್ಲಂತೆ. ಬಳ್ಳಾರಿಯ ಆಚೆ, ವಜ್ರಕರೂರಿನ ಸೀಮೆಯಿಂದ ಬಂದದ್ದು. ನಮ್ಮ ಕರೀ ಕಲ್ಲಿನ ಬೆಂಕಿಗಿಂತ ಎಷ್ಟೋ ಆಳದಿಂದ, ನೆಲವನ್ನು ಕೊರೆದುಕೊಂಡು ಮೇಲೆ ಬಂದದ್ದು. ಕೆಲಸ ಬಿಡುವಾಗ ಸಾಹೇಬರು ಅವರಿಗೆ ಇನಾಮು ಕೊಟ್ಟಿದ್ದರು.

"ಒಳಗ ವಜ್ರ ಐತೇನ್ರಿ?" ಎಂದೆ.

"ಯಾರಿಗ್ಗೊತ್ತು. ನೂರ ಗಾಡಿ ಇಂಥಾ ಕಲ್ಲ ಒಡದ್ರ ಒಂದ ಮುಟಗಿ ಸಿಗತೈತಂತ. ಮೂವತ್ತ ವರ್ಷ ಕಲ್ಲ ಹೊತ್ತೇನಿ ಮಾಸ್ತರ. ಹೊತ್ತದ್ದ ನಾನು, ನೋಡಿದವರ ಸಾಹೇಬರು. ಕಲ್ಲಿನಾಗಿಂದ ಬಂದ ವಜ್ರಾ ಒಮ್ಮಿಯೂ ನನ್ನ ಕಣ್ಣಿಗೆ ಬಿದ್ದಿಲ್ಲ."

"ಮತ್ತ ಇದನ್ನ ಒಡೀಬೇಕಿತ್ತಲ್ರಿ."

ಅವರು ಕಲ್ಲನ್ನು ಸಾವಕಾಶ ತಿರುಗಿಸಿದರು. "ಒಡದ್ರ ಇಲ್ಲಾ ಅನ್ನೂದ ಗೊತ್ತಾಗತೈತಿ. ಗೊತ್ತಾದ ಮ್ಯಾಲ ನಾ ಏನ ಇಟಗೊಂಡ ಕುಂದರ್ಲಿ?" ಎಂದರು. ಅದನ್ನು ಮತ್ತೆ ವಸ್ತ್ರದಲ್ಲಿ ಸುತ್ತುತ್ತ, "ಈಗ ಮಾತ್ರ ಒಡೀಬೇಕು. ಕಣ್ಣ ಪೂರಾ ಹೋಗೂದರಾಗ ಒಡೀಬೇಕು" ಎಂದರು.

ಮಿರಜಿಗೆ ಹೋಗಿ ಕಣ್ಣು ತೋರಿಸುವುದು, ದೃಷ್ಟಿ ತಿಳಿಯಾದ ಮೇಲೆ ಇಬ್ಬರೂ ಕೂತು ಕಲ್ಲು ಒಡೆಯುವುದು ಎಂದು ನಿರ್ಧಾರವಾಯಿತು. ಹೊರಡುವ ದಿನ ನಮ್ಮ ಮನೆಗೆ ಬಂದು ಊಟ ಮಾಡಿದರು. ಅವ್ವ ಬಡಿಸಿ ಒಳಗೆ ಹೋದ ಮೇಲೆ ಆ ಗಂಟನ್ನು ನನ್ನ ಕೈಯಲ್ಲಿಟ್ಟರು. "ದವಾಖಾನ್ಯಾಗ ಮೈಮ್ಯಾಲಿಂದೆಲ್ಲಾ ಬಿಚ್ಚಿ ಇಡಸ್ತಾರಂತ. ಯಾರ ಕೈಗೂ ಇದು ಸಿಗಬಾರ್ದು. ನೀವು ಜ್ವಾಕಿ ಮಾಡ್ರಿ. ನನ್ನ ಜೀವಾನ ಇದರಾಗ ಐತಿ" ಎಂದರು. ಆಮೇಲೆ ಗೋಕಾಕ ರೋಡ್ ಸ್ಟೇಶನ್ನಿಗೆ ಗಾಡಿಯಲ್ಲಿ ಹೋಗುವಾಗ ಇನ್ನೊಂದು ಮಾತು ಹೇಳಿದರು. "ಒಂದ ನೆನಪಿಡ್ರಿ, ಅದಕ್ಕ ನೀರ ತಾಗಸಬ್ಯಾಡ್ರಿ. ಆ ಜಾತಿ ಕಲ್ಲ ನೀರಿಗೆ, ಬಿಸಲಿಗೆ ಸಡಲತೈತಿ."

ಈ ಎರಡನೆಯ ಮಾತನ್ನು ಕೇಳಿದವನು ನಾನೊಬ್ಬನೇ. ಮನೆಗೆ ಬಂದು ಗಂಟನ್ನು ನಡುಮನೆಯ ಗೋಡೆಯ ಗೂಡಿನಲ್ಲಿಟ್ಟೆ. ಉಪ್ಪಿನಕಾಯಿ ಗಡಿಗೆಯ ನೆನಪು ಹಸಿಯಾಗಿತ್ತು. ಕಲ್ಲು ಎಂದರೆ ಅವ್ವ ಅದಕ್ಕೊಂದು ನೌಕರಿ ಹುಡುಕಿಯಾಳೆಂದು, ಕಲ್ಲೆಂಬ ಮಾತನ್ನೇ ಎತ್ತದೆ, "ಅವ್ವಾ, ಅದು ರಾಚಪ್ಪನವರದು, ಮುಟ್ಟಬ್ಯಾಡ" ಎಂದಷ್ಟೇ ಹೇಳಿದೆ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡದ್ದೂ ನೆನಪಿದೆ.

ಐದು ತಿಂಗಳು ಕಳೆದವು. ಮೊದಲ ತಿಂಗಳಲ್ಲಿ ಯಾರದೋ ಅಕ್ಷರದಲ್ಲಿ ಒಂದು ಕಾರ್ಡು ಬಂತು, ಉಪಚಾರ ನಡೆದಿದೆ, ಬಹಳ ದಿನ ಹಿಡಿಯುತ್ತದೆ ಎಂದು. ಆಮೇಲೆ ಸುದ್ದಿಯಿಲ್ಲ. ಅವ್ವ ಮಾತ್ರ ದಿನಾ ಕೇಳುತ್ತಿದ್ದಳು, "ಮಿರಜಿಂದ ಕಾಗದಾ ಬಂತೇನಪಾ?" ಮೂರನೆಯ ತಿಂಗಳಲ್ಲಿ ಕೇಳುವುದನ್ನೂ ನಿಲ್ಲಿಸಿದಳು. ಒಂದೇ ಹೊತ್ತು ಉಣ್ಣತೊಡಗಿದಳು. ಹಬ್ಬಕ್ಕೆ ಹೋಳಿಗೆ ಮಾಡಲಿಲ್ಲ. ಮೊಣಕಾಲು ನೋವಿರಬೇಕೆಂದು ನಾನು ಕೊಣ್ಣೂರಿನಿಂದ ಒಂದು ತೈಲ ತಂದುಕೊಟ್ಟೆ. ಕಲ್ಲಿನ ಒಡಲು ಅರಿಯಲು ಹೊರಟವನಿಗೆ ಹೆತ್ತವಳ ಮುಖ ಓದಲು ಬರಲಿಲ್ಲ ನೋಡಿ.

ಒಂದು ಮಧ್ಯಾಹ್ನ, ಸಾಲಿಗೆ ಸೂಟಿ ಇದ್ದ ದಿನ, ಮನೆಯ ಮುಂದೆ ಗಾಡಿ ನಿಂತಿತು. ಗಾಡಿಯವನು ಕೈಹಿಡಿದು ಇಳಿಸಿದ್ದು ರಾಚಪ್ಪನವರನ್ನು. ಅವರು ಗೋಡೆ ತಡವುತ್ತ ಹೊಸ್ತಿಲು ದಾಟಿದ್ದನ್ನು ನೋಡಿದಾಗಲೇ ನನಗೆ ತಿಳಿಯಿತು. ಕಣ್ಣು ಬಂದಿರಲಿಲ್ಲ. ಇದ್ದ ಮಂಜು ಬೆಳಕೂ ಹೋಗಿತ್ತು.

ಅವ್ವ ಒಳಗಿಂದ ಬಂದವಳು ಬಾಗಿಲ ಚೌಕಟ್ಟು ಹಿಡಿದು ಹಾಗೇ ಕೆಳಗೆ ಕೂತಳು. ಸೆರಗು ಬಾಯಿಗಿಟ್ಟುಕೊಂಡು ಅಳತೊಡಗಿದಳು.

"ಅಳಬ್ಯಾಡ ತಂಗಿ" ಎಂದರು ರಾಚಪ್ಪನವರು. "ಕಣ್ಣ ಅಷ್ಟ ಹೋಗ್ಯಾವ."

"ಕಣ್ಣಿಗೆ ಅಲ್ರಿ ಅಣ್ಣಾರ. ನೀವು ಇಲ್ಲಂತ ತಿಳದಿದ್ನಿ. ಎರಡ ತಿಂಗಳಾತು, ನೀವು ಹ್ವಾದ್ರಿ ಅಂತ ತಿಳದ..." ಎಂದು ಅವ್ವ ಮಾತು ಮುಗಿಸಲಾರದೆ ಎದ್ದು ಹೋಗಿ, ಕಿಟಕಿಯ ಕಟ್ಟೆಯ ಮೇಲೆ ಮುಚ್ಚಿಟ್ಟಿದ್ದ ಒಂದು ಹಿತ್ತಾಳೆ ಬಟ್ಟಲು ತಂದು ನಮ್ಮ ನಡುವೆ ಇಟ್ಟಳು. ಅದರಲ್ಲಿ ಬೂದಿ ನೀಲಿಯ ಹಸಿ ಪುಡಿ ಇತ್ತು. ಮೇಲೆ ಒಂದು ಬಿಲ್ವಪತ್ರಿ ಎಲೆ.

ನಾನು ಎದ್ದು ಗೋಡೆಯ ಗೂಡಿಗೆ ಕೈ ಹಾಕಿದೆ, ಗಂಟು ಅಲ್ಲಿರಲಿಲ್ಲ.

ನಮ್ಮದು ಲಿಂಗವಂತರ ಮನೆತನ, ರಾಚಪ್ಪನವರದೂ ಅದೇ. ಲಿಂಗ ಕಟ್ಟಿದವರಿಗೆ ಅದು ಮೈಯಿಂದ ಬೇರೆಯಾಗಬಾರದು. ಒಂದು ದಿನವೂ ಅದಕ್ಕೆ ನೀರು, ಪೂಜೆ ತಪ್ಪಬಾರದು. ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟಬಾರದು, ತೋರಿಸು ಎಂದು ಕೇಳಲೂಬಾರದು. ಅದು ಭಿನ್ನವಾದರೆ ಕಟ್ಟಿದವರ ಪ್ರಾಣಕ್ಕೇ ಬಂತೆಂದು ಅವ್ವನ ಕಾಲದವರು ನಂಬಿದ್ದರು. ಊಟದ ದಿನ ಒಳಗಿನಿಂದ ಅವಳು ಕೇಳಿದ್ದು ಇಷ್ಟು: ದವಾಖಾನೆಯಲ್ಲಿ ಮೈಮೇಲಿನದನ್ನೆಲ್ಲ ಬಿಚ್ಚಿಸುತ್ತಾರೆ, ಜೀವ ಇದರಲ್ಲಿದೆ. ಕಂಡದ್ದು ಬಿಳೀ ವಸ್ತ್ರದ ಗಂಟು. ಮೇಲೆ ನಾನು ಹೇಳಿದ್ದು, ಮುಟ್ಟಬೇಡ. ಇಷ್ಟು ಸಾಕಾಯಿತು.

"ಲಿಂಗಾ ಬಿಟ್ಟ ಹೋಗ್ಯಾರ, ಅಲ್ಲೆ ಕಣ್ಣ ಕಾಣದ ಮಲಗ್ಯಾರ, ಇಲ್ಲೆ ಉಪವಾಸ ಇಡಬಾರ್ದಂತ ಮಾಡಿದ್ನಿ" ಎಂದಳು. "ನಾ ಮುಟ್ಟಲಿಲ್ರಿ ಅಣ್ಣಾರ. ವಸ್ತ್ರದ ಚುಂಗ ಹಿಡದ ಬಟ್ಟಲದಾಗ ಇಳಿಸಿದ್ನಿ. ದಿನಾ ನಸಕಿನ್ಯಾಗ, ಇವ ಏಳೂದರಾಗ, ಮ್ಯಾಲಿಂದನ ನೀರ ಹಾಕಿದ್ನಿ. ಬೆಳಕಿಗೆ ಇರಲಿ ಅಂತ ಕಿಡಕ್ಯಾಗ ಇಟ್ಟಿದ್ನಿ. ಒಂದಿನಾ ನೋಡತೇನಿ, ಬಿರದೈತಿ. ಮರದಿನಾ ಎರಡ ಹೋಳ. ಅವಾಗ ತಿಳಕೊಂಡ್ನಿ, ಅಣ್ಣಾರು ಇಲ್ಲಂತ."

"ಇವನಿಗೆ ಯಾಕ ಹೇಳಲಿಲ್ಲ ತಂಗಿ?"

"ಹೆಂಗ ಹೇಳ್ಲಿ. ಹೇಳಿದ್ರ ಖರೇ ಆಗತೈತಿ."

ಹೋಳು ಪುಡಿಯಾಗುತ್ತ ಹೋದ ಆ ಎರಡು ತಿಂಗಳೂ ಅವಳು ನೀರು ಹಾಕುವುದನ್ನು ಬಿಟ್ಟಿರಲಿಲ್ಲ. ಅವರಿಗೆ ಹಿಂದೆ ಮುಂದೆ ಯಾರೂ ಇಲ್ಲ, ತಾನಾದರೂ ಹಾಕಬೇಕಲ್ಲ ಎಂದು ಹಾಕಿದಳಂತೆ. ನಾನು ಅದೇ ಮನೆಯಲ್ಲಿ ಗೊರಕೆ ಹೊಡೆಯುತ್ತ ಮಲಗಿರುತ್ತಿದ್ದೆ. ಗೂಡಿನ ಕಡೆ ಒಮ್ಮೆಯೂ ನೋಡಿರಲಿಲ್ಲ, ಕಿಟಕಿಯ ಬಟ್ಟಲು ಅವ್ವನ ಪೂಜೆಯದೆಂದುಕೊಂಡಿದ್ದೆ. ಅವ್ವನದು ತಪ್ಪಲ್ಲ, ನೀರು ತಾಗಿಸಬಾರದೆಂಬ ಮಾತನ್ನು ನಾನೇ ನುಂಗಿದೆ ಎಂದು ರಾಚಪ್ಪನವರಿಗೆ ಹೇಳಿದೆ. ಅವರ ಬಾಳಿನಲ್ಲಿ ಉಳಿದಿದ್ದ ಒಂದೇ ಒಂದು ಆಸೆ ಆ ಬಟ್ಟಲಲ್ಲಿ ಕೆಸರಾಗಿ ಕೂತಿತ್ತು.

ರಾಚಪ್ಪನವರು ಕೋಟಿನ ಗುಂಡಿ ಬಿಚ್ಚಿ, ಎದೆಯ ಮೇಲಿನ ಬೆಳ್ಳಿಯ ಕರಡಿಗೆಯನ್ನು ಹೊರಗೆ ತೆಗೆದರು. "ನನ್ನ ಲಿಂಗಾ ನನ್ನ ಕಡೇನ ಐತಿ ತಂಗಿ. ದವಾಖಾನ್ಯಾಗೂ ಬಿಚ್ಚಲಿಲ್ಲ. ಅದು ಬರೇ ಕಲ್ಲ."

ಅವ್ವನ ಮುಖದಲ್ಲಿ ನಿರಾಳ ಬಂದು, ಆ ಕ್ಷಣವೇ ಹೋಯಿತು. "ಹಂಗಾರ ನಿಮ್ಮದು ನಾ ಏನ ಕರಗಿಸಿದ್ನಿ?" ಎಂದಳು.

ಅವರು ಬಟ್ಟಲಿಗೆ ಕೈ ಚಾಚಿದರು. ಒಂದು ಚಿಟಿಕೆ ತೆಗೆದು ಬೆರಳ ನಡುವೆ ಉಜ್ಜಿದರು, ಮೂಸಿದರು, ನಾಲಿಗೆಯ ಮೇಲಿಟ್ಟುಕೊಂಡರು. ಅವರ ಮುಖ ನಿಧಾನಕ್ಕೆ ಬೇರೆಯೇ ಆಯಿತು.

"ದಿನಾ ಹಾಕಿದಿ? ಒಂದಿನಾನೂ ತಪ್ಪಲಿಲ್ಲ?"

"ಇಲ್ರಿ."

"ಮಾಸ್ತರ, ಆಫ್ರಿಕಾದಾಗ ಈ ಕಲ್ಲ ಸುತ್ತಗೀಲೆ ಒಡೀತಿರಲಿಲ್ಲಂತ. ಬೈಲಾಗ ಹರವಿ, ನೀರ ಹೊಡದು, ಬಿಸಲಿಗೆ ಬಿಟ್ಟು, ತಾನ ಸಡಲೂತನಾ ವರ್ಷಾನಗಟ್ಟಲೆ ಕಾಯ್ತಿದ್ರಂತ. ಸುತ್ತಗಿ ಹಾಕಿದ್ರ ಒಳಗಿನ ವಜ್ರಾನೂ ಒಡೀತೈತಿ. ಸಾಹೇಬ ಹೇಳ್ತಿದ್ದ. ಸಾವಿರ ಮಂದಿ ಮಾಡೂ ಕೆಲಸಾ ನಿಮ್ಮವ್ವ ಒಂದ ತಂಬಿಗೀಲೆ ಮಾಡ್ಯಾಳ." ಅವರು ರುಮಾಲು ತೆಗೆದು ಪಕ್ಕಕ್ಕಿಟ್ಟರು. "ಪರಾತ ಕೊಡ ತಂಗಿ. ನೀರ ಕೊಡು."

ಅಂಗಳದ ಬಿಸಿಲಿನಲ್ಲಿ ಕೂತು ಅವರು ಆ ಪುಡಿಯನ್ನು ಪರಾತದ ಅಗಲ ತಟ್ಟೆಯಲ್ಲಿ ತೊಳೆದರು. ಅಕ್ಕಿ ಗಾಳಿಸುವ ಹಾಗೆ ಆಡಿಸಿ ಆಡಿಸಿ ನೀಲಿ ಕೆಸರನ್ನು ಚೆಲ್ಲಿದರು. ಕಣ್ಣಿನ ಗೊಡವೆಯೇ ಬೇಕಿರಲಿಲ್ಲ, ಕೈಗೆ ಎಲ್ಲ ಗೊತ್ತಿತ್ತು. ಕೊನೆಗೆ ತಳದಲ್ಲಿ ಒಂದು ಚಮಚೆಯಷ್ಟು ಭಾರದ ಕಾಳು ಉಳಿದವು.

"ಏನ ಕಾಣತೈತಿ ಹೇಳ ತಂಗಿ. ಮಾಸ್ತರ ಪುಸ್ತಕದಾಗಿನ ಹೆಸರ ಹೇಳತಾನ, ನೀ ಹೇಳು."

ಅವ್ವ ಬಗ್ಗಿ ನೋಡಿದಳು. "ಕೆಂಪ ಅದಾವ್ರಿ, ದಾಳಿಂಬ್ರಿ ಕಾಳಿನ ಬಣ್ಣ. ಕರೇವು ಅದಾವು, ಹೊಳೀತಾವು. ಒಂದೆರಡ ಹಸರ. ಎಷ್ಟ ಚೆಂದ ಅದಾವ್ರಿ. ಇದೆಲ್ಲಾ ಆ ಕರೀ ಕಲ್ಲಿನಾಗ ಇತ್ತೇನ್ರಿ?"

"ಬಿಳೇದು?"

ಅವ್ವ ಸುಳ್ಳಾಡುವವಳಲ್ಲ. ಮತ್ತೊಮ್ಮೆ ನೋಡಿ, "ನನಗ ಕಾಣವಲ್ದರಿ" ಎಂದಳು.

ಅವರು ತಲೆಯಾಡಿಸಿದರು. ಆಮೇಲೆ, "ಬೆಣ್ಣಿ ಐತೇನ?" ಎಂದರು. ಒದ್ದೆಯಾದ ಬೇರೆ ಕಲ್ಲುಗಳು ಜಿಡ್ಡಿಗೆ ಅಂಟುವುದಿಲ್ಲ, ವಜ್ರ ಅಂಟುತ್ತದೆಯಂತೆ. ಆಫ್ರಿಕಾದಲ್ಲಿ ಹಲಗೆಗೆ ಜಿಡ್ಡು ಸವರಿ ಅದರ ಮೇಲೆ ಪುಡಿ ಹರಿಬಿಡುತ್ತಿದ್ದರಂತೆ. ಬೆಣ್ಣೆ ನಡೆಯುತ್ತದೋ ಇಲ್ಲವೋ ತಮಗೂ ಗೊತ್ತಿಲ್ಲವೆಂದರು. ಅವ್ವ ಬೆಳಿಗ್ಗೆ ಕಡೆದ ಬೆಣ್ಣೆಯನ್ನು ತಾಟಿಗೆ ತೆಳ್ಳಗೆ ಸವರಿದಳು. ನಾನು ತಾಟನ್ನು ಓರೆ ಹಿಡಿದೆ. ಅವರು ನೀರಿನೊಡನೆ ಆ ಕಾಳುಗಳನ್ನು ಸಣ್ಣಗೆ ಹರಿಸಿದರು. ಕೆಂಪು ಜಾರಿತು, ಕಪ್ಪು ಜಾರಿತು, ಹಸಿರು ಜಾರಿತು. ಎಲ್ಲ ಕೆಳಗಿನ ಪರಾತಕ್ಕೆ ಬಿದ್ದವು.

ಬೆಣ್ಣೆಯ ಮೇಲೆ ಒಂದು ಉಳಿಯಿತು.

ಗಸಗಸೆ ಕಾಳಿಗಿಂತ ತುಸು ದೊಡ್ಡದು. ನಾವಿಬ್ಬರೂ ಮಾತಾಡದಿದ್ದುದನ್ನು ಕೇಳಿಯೇ ರಾಚಪ್ಪನವರಿಗೆ ತಿಳಿದಿರಬೇಕು. ನಾನು ಸಾಲಿಯ ಭೂತಗನ್ನಡಿ ತಂದು ಅದರ ಮೇಲೆ ಹಿಡಿದೆ.

"ಮುಖಾ ಎಣಸ್ರಿ" ಎಂದರು.

ಮೇಲೆ ನಾಲ್ಕು ಮುಖ ಕೂಡಿ ಒಂದು ಮೊನೆ. ಸೂಜಿಯಿಂದ ಮೆಲ್ಲಗೆ ಹೊರಳಿಸಿದೆ. ಕೆಳಗೂ ನಾಲ್ಕು, ಅಲ್ಲಿಯೂ ಒಂದು ಮೊನೆ. "ಎಂಟ ಅದಾವ್ರಿ" ಎಂದೆ.

"ವಜ್ರದ ಎಂಟ ಮುಖಾ. ಯಾರೂ ಕಡದದ್ದಲ್ರಿ ಅದು" ಎಂದರು ರಾಚಪ್ಪನವರು. "ಅಷ್ಟ ಕತ್ತಲ್ಯಾಗ, ಅಷ್ಟ ಬೆಂಕ್ಯಾಗ, ತಾನ ಹಂಗ ಆಗಿದ್ದು."

ಜೀವಮಾನದಲ್ಲಿ ಅಷ್ಟು ಸಣ್ಣದರ ಮುಂದೆ ನಾನು ಅಷ್ಟು ಸಣ್ಣವನಾಗಿದ್ದಿಲ್ಲ. ಅವ್ವ ಸೆರಗು ತಲೆಯ ಮೇಲೆ ಎಳೆದುಕೊಂಡು ಎರಡೂ ಕೈ ಜೋಡಿಸಿದ್ದಳು. ಈ ಸಲ ಅವಳಿಗೆ ಅದು ಏನೆಂದು ಗೊತ್ತಿತ್ತು, ಆದರೂ ಜೋಡಿಸಿದ್ದಳು.

ನಾನು ರಾಚಪ್ಪನವರ ಬಲಗೈಯ ತೋರುಬೆರಳನ್ನು ಹಿಡಿದು ಅದರ ಮೇಲೆ ಇಳಿಸಿದೆ. ಬೆಣ್ಣೆಯೊಂದಿಗೆ ಅದು ಬೆರಳ ತುದಿಗೆ ಬಂತು. ಅವರು ಹೆಬ್ಬೆರಳಿನಿಂದ ಒಮ್ಮೆ ಮುಟ್ಟಿ ನೋಡಿದರು. ಆಮೇಲೆ ಬೆರಳನ್ನು ಮುಖದ ಮುಂದೆ ಎತ್ತಿ ಹಿಡಿದು, ಕಾಣದ ಕಣ್ಣನ್ನು ಅದರ ಮೇಲೆ ನೆಟ್ಟು ಕೂತರು. ನಾನು ಒಂದು ಗಾಜಿನ ಸೀಸೆ ತಂದು, ಇದರಲ್ಲಿ ಹಾಕಿರಿ ಎಂದೆ. ಈಗಲೇ ಬೇಡವೆಂದು ತಲೆಯಾಡಿಸಿದರು.

ಮಿರಜಿನಿಂದ ಬೆಳಿಗ್ಗೆ ಹೊರಟವರು, ಹೊಟ್ಟೆಗೆ ಏನೂ ಹಾಕಿಕೊಂಡಿರಲಿಲ್ಲ. ಅವ್ವ ಅನ್ನ, ರೊಟ್ಟಿ, ಹಾಲು ತಂದಿಟ್ಟು, ತಂಬಿಗೆ ಹಿಡಿದು "ಕೈ ತೊಳಕೋರಿ ಅಣ್ಣಾರ" ಎಂದಳು. ಅವರು ಕೈಯನ್ನು ಥಟ್ಟನೆ ಹಿಂದಕ್ಕೆಳೆದುಕೊಂಡರು. ತೊಳೆದರೆ ಹೋದೀತು ಎಂಬ ಅಂಜಿಕೆ ಆ ಮುಖದಲ್ಲಿ ಕಂಡಿತು.

ಅವ್ವ ತಂಬಿಗೆ ಕೆಳಗಿಟ್ಟಳು. ತನ್ನ ಕೈ ತೊಳೆದುಕೊಂಡಳು. ರೊಟ್ಟಿಯನ್ನು ಸಣ್ಣಗೆ ಮುರಿದು ಹಾಲಿನಲ್ಲಿ ನೆನೆಸಿ, ಅವರ ಮುಂದೆ ಮೊಣಕಾಲೂರಿ ಕೂತಳು.

"ಬಾಯಿ ತೆರೀರಿ" ಎಂದಳು.

ರಾಚಪ್ಪನವರು ಬೆರಳನ್ನು ಎತ್ತಿ ಹಿಡಿದುಕೊಂಡೇ ಬಾಯಿ ತೆರೆದರು.